ಬ್ರೈಟನ್ ಪಟ್ಟಣವೂ ಅದರ ಅರಮನೆಯೂ

ಪಟ್ಟಣಗಳು ಹುಟ್ಟುವುದಕ್ಕೆ ಲೋಕದಲ್ಲಿ ಕಾರಣಗಳು ಹಲವುಂಟು. ನದಿಗಳು ಕೂಡುವೆಡೆಯಲ್ಲಿ ಕೆಲವು, ಹಡಗು ನಿಲ್ಲುವ ರೇವಿನಲ್ಲಿ ಕೆಲವು, ದೇವಾಲಯದ ಸುತ್ತ ಕೆಲವು, ಅರಸನ ಕೋಟೆಯ ಬುಡದಲ್ಲಿ ಕೆಲವು ಬೆಳೆದಿರುವುವು. ಇಂಗ್ಲೆಂಡಿನ ದಕ್ಷಿಣತೀರದಲ್ಲಿ, ಲಂಡನ್ನಿಗೆ ಸುಮಾರು ೫೦ ಮೈಲು ದೂರದಲ್ಲಿರುವ ಬ್ರೈಟನ್ನಿಗೆ ಈ ಭಾಗ್ಯಗಳಲ್ಲಿ ಒಂದೂ ಇರಲಿಲ್ಲ. ಹೇಳಿಕೊಳ್ಳತಕ್ಕ ನದಿಯಿಲ್ಲ, ಸ್ವಾಭಾವಿಕವಾದ ಬಂದರವಿಲ್ಲ, ಮಹಾಕ್ಷೇತ್ರವೆಂಬ ಹೆಸರಿಲ್ಲ. ಹಿಂದೆ ಸೀಮೆಸುಣ್ಣದ ಬೋಳು ಗುಡ್ಡಗಳು, ಮುಂದೆ ಉರುಟುಕಲ್ಲುಗಳ ದಡ, ಅದರಾಚೆ ತಣ್ಣನೆಯ ಕಡಲು, ಇಷ್ಟೇ ಅದರ ಸ್ಥಿತಿ. ಆದರೂ ೧೮೦೧ರಲ್ಲಿ ಸುಮಾರು ೭,೦೦೦ ಜನರಿದ್ದ ಈ ಊರು ೧೮೫೧ರ ಹೊತ್ತಿಗೆ ೬೫,೦೦೦ಕ್ಕೆ ಏರಿತು. ಪರರ ರೋಗವನ್ನೂ ಪರರ ವಿನೋದವನ್ನೂ ಬಂಡವಾಳವಾಗಿ ಮಾಡಿಕೊಂಡು, ತೋರಿಕೆಯನ್ನೇ ಕಸುಬಾಗಿ ಹಿಡಿದು ಬಾಳಿದ ಊರು ಇದು. ಆ ತೋರಿಕೆಗಳಲ್ಲಿ ಮುಖ್ಯವಾದುದು ಭಾರತದ ವೇಷ. ವೇಷದ ಭಾರತವೊಂದು ಅಲ್ಲಿ ಮೊದಲು ಎದ್ದಿತು. ನೂರು ವರ್ಷ ಕಳೆದ ಮೇಲೆ ನಿಜವಾದ ಭಾರತೀಯರು, ಗಾಯಗೊಂಡವರಾಗಿ, ಅದರೊಳಗೆ ಮಲಗಬೇಕಾಯಿತು. ಆದುದರಿಂದ ಆ ಊರಿನ ಚರಿತ್ರೆ ನಮ್ಮವರಿಗೂ ಸಂಬಂಧಪಟ್ಟದ್ದು.

ಅದರ ಹಳೆಯ ಹೆಸರು ಬ್ರೈಟ್‌ಹೆಲ್ಮ್‌ಸ್ಟನ್. ವಿಲಿಯಂ ದೊರೆಯು ೧೦೮೬ರಲ್ಲಿ ಬರೆಯಿಸಿದ ಡೂಮ್ಸ್‌ಡೇ ಎಂಬ ಭೂಮಾಪನ ಗ್ರಂಥದಲ್ಲಿ ಈ ಊರಿನ ಗೇಣಿ ೪,೦೦೦ ಹೆರಿಂಗ್ ಮೀನುಗಳೆಂದು ಬರೆದಿದೆ. ಹೆರಿಂಗ್ ಎಂಬುದು ನಮ್ಮ ಕರಾವಳಿಯ ಬೂತಾಯಿಯ ಬಳಗಕ್ಕೆ ಸೇರಿದುದು. ದುಡ್ಡಿಗೆ ಬದಲಾಗಿ ಮೀನನ್ನು ಎಣಿಸಿಕೊಟ್ಟು ಒಡೆಯನ ಋಣ ತೀರಿಸುತ್ತಿದ್ದ ಹಳ್ಳಿಯೆಂದ ಮೇಲೆ ಅದರ ಸಂಪತ್ತೆಷ್ಟೆಂಬುದನ್ನು ಊಹಿಸಬಹುದು. ೧೫೧೪ರಲ್ಲಿ ಫ್ರೆಂಚರು ಹಡಗುಗಳಲ್ಲಿ ಬಂದು ಊರನ್ನು ಸುಟ್ಟರು. ೧೬೫೧ರಲ್ಲಿ, ಯುದ್ಧದಲ್ಲಿ ಸೋತು ತಲೆಮರೆಸಿಕೊಂಡಿದ್ದ ಎರಡನೆಯ ಚಾರ್ಲ್ಸನು ಇಲ್ಲಿಯ ಒಂದು ಛತ್ರದಲ್ಲಿ ಇಳಿದುಕೊಂಡು, ನಿಕೊಲಾಸ್ ಟ್ಯಾಟರ್‌ಸೆಲ್ ಎಂಬ ನಾವಿಕನ ದೋಣಿಯಲ್ಲಿ ಫ್ರಾನ್ಸಿಗೆ ದಾಟಿದನು. ಅರಸುತನ ಮರಳಿ ಬಂದ ಮೇಲೆ ಆ ದೋಣಿಗೂ ದೋಣಿಯವನಿಗೂ ಮರ್ಯಾದೆ ದೊರೆಯಿತಾದರೂ ಊರಿಗೆ ಅದರಿಂದ ವಿಶೇಷವಾದ ಲಾಭವೇನೂ ಆಗಲಿಲ್ಲ. ಅಷ್ಟರಲ್ಲಿ ಕಡಲು ತನ್ನ ಗೇಣಿಯನ್ನು ತಾನೇ ವಸೂಲು ಮಾಡತೊಡಗಿತ್ತು. ದಿಬ್ಬದ ಕೆಳಗೆ ದಡದ ಮೇಲೆ ಕಟ್ಟಿಕೊಂಡಿದ್ದ ಬೆಸ್ತರ ಕೇರಿಯು ೧೭೦೩ ಮತ್ತು ೧೭೦೫ರ ಬಿರುಗಾಳಿಗಳಲ್ಲಿ ಹಾಳಾಗಿ ಕಲ್ಲಿನ ಅಡಿಯಲ್ಲಿ ಹೂತುಹೋಯಿತು. ಹೀಗೆ ೧೮ನೆಯ ಶತಮಾನದ ಆದಿಯಲ್ಲಿ ಅದು ಅಳಿದುಹೋಗಲು ಸಿದ್ಧವಾದ ಊರಾಗಿದ್ದಿತು.

ಊರನ್ನು ತಿನ್ನುತ್ತಿದ್ದ ಆ ಕಡಲನ್ನೇ ಊರಿನ ಅನ್ನದಾತನಾಗಿ ಮಾಡಿದವನು ಒಬ್ಬ ವೈದ್ಯ. ಸಮೀಪದ ಲೂಯಿಸ್ ಎಂಬ ಊರಿನ ರಿಚರ್ಡ್ ರಸೆಲ್ಲನು ೧೭೫೦ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಬರೆದು, ಗ್ರಂಥಿಗಳ ರೋಗಕ್ಕೆ ಸಮುದ್ರದ ನೀರು ದಿವ್ಯೌಷಧವೆಂದು ಸಾರಿದನು. ಅದರಲ್ಲಿ ಮುಳುಗುವುದಷ್ಟೇ ಅಲ್ಲ, ಕುಡಿಯಲೂ ಬೇಕೆಂದು ಅವನ ವಿಧಿ. ಗ್ರಂಥವು ಬೇಗನೆ ಇಂಗ್ಲಿಷಿಗೆ ಬಂದಿತು, ರೋಗಿಗಳೂ ಬಂದರು. ೧೭೫೩ರಲ್ಲಿ ರಸೆಲ್ಲನು ಬ್ರೈಟನ್ನಿನಲ್ಲಿಯೇ ದೊಡ್ಡದೊಂದು ಮನೆಯನ್ನು ಕಟ್ಟಿಸಿಕೊಂಡು ನೆಲಸಿದನು. ಉಪ್ಪುನೀರು ಕುಡಿದವರಲ್ಲಿ ಗುಣಹೊಂದಿದವರು ಔಷಧವನ್ನು ಹೊಗಳಿದರು, ಗುಣಹೊಂದದವರು ಸುಮ್ಮನಾದರು, ಇದು ಎಲ್ಲ ದೇಶಗಳ ಔಷಧಗಳಿಗೂ ಸಾಮಾನ್ಯವಾದ ಧರ್ಮ. ನಮ್ಮಲ್ಲಿ ಪರ್ವಕಾಲವಲ್ಲದೆ ಸಮುದ್ರವನ್ನು ಮುಟ್ಟಬಾರದೆಂಬ ಸಂಪ್ರದಾಯವಿದೆ. ಅಲ್ಲಿಯ ಜನರಿಗೆ ಅಂಥ ನಿಷೇಧವೇನೂ ಇಲ್ಲದಿದ್ದರೂ, ಅದುವರೆಗೆ ಕಡಲಿಗೆ ಇಳಿಯುವುದು ಬೆಸ್ತರ ಪಾಡೇ ಹೊರತು ಬಲ್ಲಿದರ ಪಾಡಾಗಿರಲಿಲ್ಲ. ವೈದ್ಯನ ಮಾತು ಅದಕ್ಕೆ ಶಾಸ್ತ್ರದ ಬಲವನ್ನು ಒದಗಿಸಿತು.

ಬೆಸ್ತರ ಹೆಂಗಸರಿಗೂ ಇದರಿಂದ ಹೊಸತೊಂದು ಜೀವನೋಪಾಯ ದೊರೆಯಿತು. ಗಾಲಿಯ ಮೇಲಿನ ಮರದ ಗೂಡುಗಳನ್ನು ನೀರಿನವರೆಗೆ ತಳ್ಳಿ, ಒಳಗಿದ್ದ ಕುಲೀನ ಸ್ತ್ರೀಯರನ್ನು ತೋಳಿನಲ್ಲಿ ಹಿಡಿದು ತೆರೆಯೊಳಗೆ ಅದ್ದಿ ಎತ್ತುವುದು ಇವರ ಕೆಲಸ. ಅವರಲ್ಲಿ ಮಾರ್ಥಾ ಗನ್ ಎಂಬವಳು ಅತ್ಯಂತ ಪ್ರಸಿದ್ಧಳು. ೧೭೨೬ರಲ್ಲಿ ಹುಟ್ಟಿ ೧೮೧೫ರವರೆಗೆ ಬದುಕಿದ ಈ ಗಟ್ಟಿಗಿತ್ತಿಯ ಚಿತ್ರಗಳು ಅಚ್ಚಾಗಿ ಮಾರಾಟವಾಗುತ್ತಿದ್ದುವು. ದೊಡ್ಡ ಮನೆತನದ ಸ್ತ್ರೀಯರ ಮುಡಿ ಹಿಡಿದು ನೀರಿಗೆ ಮುಳುಗಿಸುವ ಅಧಿಕಾರವು ಮೀನುಗಾರನ ಹೆಂಡತಿಗೆ ಬಂದಿತೆಂಬುದು ಆ ಕಾಲದ ಇಂಗ್ಲೆಂಡಿನಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಕಡಲ ಗಾಳಿ ಎಲ್ಲರನ್ನೂ ಉಳಿಸಲಿಲ್ಲ. ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ಲನು ಕ್ಷಯಪೀಡಿತಳಾದ ಹೆಂಡತಿ ಮರಾಯಳನ್ನು ೧೮೨೪ರಿಂದ ಇಲ್ಲಿಗೆ ಕರೆತರುತ್ತಿದ್ದನು. ಅವನ ಬ್ರೈಟನ್ ಚಿತ್ರಗಳಲ್ಲಿ ಕಪ್ಪು ಮೋಡ ಕವಿದ ಕಡಲುಗಳೂ ಉಂಟು. ಅವಳು ೧೮೨೮ರಲ್ಲಿ ತೀರಿಹೋದಳು.

ರೋಗಿಗಳ ಊರು ವಿಲಾಸಿಗಳ ಊರಾದುದು ಯುವರಾಜ ಜಾರ್ಜನಿಂದ. ಮುಂದೆ ನಾಲ್ಕನೆಯ ಜಾರ್ಜನೆಂದು ಪಟ್ಟವೇರಿದ ಈತನು ತನ್ನ ೨೧ನೆಯ ವಯಸ್ಸಿನಲ್ಲಿ, ೧೭೮೩ರಲ್ಲಿ, ಚಿಕ್ಕಪ್ಪನ ಮನೆಗೆಂದು ಮೊದಲು ಬಂದನು. ಕಟ್ಟುನಿಟ್ಟಿನ ತಂದೆಯಿಂದ ದೂರವಿರುವುದು, ಜೂಜು, ಕುದುರೆ, ಊಟ, ಮತ್ತು ೧೭೮೫ರಲ್ಲಿ ಗುಟ್ಟಾಗಿ ಮದುವೆಯಾಗಿದ್ದ ಮರಾಯ ಫಿಟ್ಸ್‌ಹರ್ಬರ್ಟಳ ಸಹವಾಸ, ಇವು ಅವನಿಗೆ ಬೇಕಾಗಿದ್ದುವು. ೧೭೮೭ರಲ್ಲಿ ಪಾರ್ಲಿಮೆಂಟು ಅವನ ಸಾಲದ ಬಾಬ್ತು ೧,೬೧,೦೦೦ ಪೌಂಡುಗಳನ್ನು ಕಟ್ಟಬೇಕಾಯಿತು. ಅದೇ ವರ್ಷ ಹೆನ್ರಿ ಹಾಲೆಂಡ್ ಎಂಬ ಶಿಲ್ಪಿಯು ಅವನಿಗಾಗಿ, ಅವನು ಬಾಡಿಗೆಗೆ ಹಿಡಿದಿದ್ದ ಸಾಧಾರಣವಾದ ಮನೆಯನ್ನು ತಿದ್ದಿ ಕಡಲತಡಿಯ ಬಿಡದಿಯನ್ನು ಕಟ್ಟಿದನು. ಸಾಲಗಾರರ ಕೈಗೆ ಒಂದು ಬಾಗಿಲಲ್ಲಿ ಹಣ ಹೋಗುತ್ತಿರಲು ಇನ್ನೊಂದು ಬಾಗಿಲಲ್ಲಿ ಹೊಸ ಸಾಲವು ಒಳಗೆ ಬರುತ್ತಿತ್ತು.

ಭಾರತದ ವೇಷವನ್ನು ಮೊದಲು ತೊಟ್ಟುದು ಈ ಬಿಡದಿಯಲ್ಲ, ಅದರ ಕುದುರೆಲಾಯ! ವಿಲಿಯಂ ಪೋರ್ಡೆನ್ ಎಂಬವನು ೧೮೦೩ರಿಂದ ೧೮೦೮ರವರೆಗೆ ಕಟ್ಟಿದ ಈ ಲಾಯಕ್ಕೆ ಸುಮಾರು ೮೦ ಅಡಿ ಅಗಲದ ಗುಮ್ಮಟ, ಕಮಾನುಗಳು, ದಿಲ್ಲಿ ಆಗ್ರಾಗಳನ್ನು ನೆನಪಿಗೆ ತರುವ ಹೊರಮೈ. ಯುವರಾಜನು ಸಾಧಾರಣವಾದ ಮನೆಯಲ್ಲಿಯೂ ಅವನ ಕುದುರೆಗಳು ಮೊಗಲರ ಸೌಧದಲ್ಲಿಯೂ ವಾಸವಾಗಿದ್ದುವೆಂದು ಜನರು ನಕ್ಕುದು ಸಹಜವೇ. ಆ ಕೊರತೆಯನ್ನು ನೀಗಿಸುವುದಕ್ಕಾಗಿ ೧೮೧೫ರಿಂದ ಜಾನ್ ನ್ಯಾಷನು ಅರಮನೆಯನ್ನೇ ಮಾರ್ಪಡಿಸಿದನು. ಹಳೆಯ ಮನೆಯ ಮೇಲೆ ಎರಕದ ಕಬ್ಬಿಣದ ಹಂದರವನ್ನು ಏರಿಸಿ, ಅದರ ಮೇಲೆ ಈರುಳ್ಳಿಯಾಕಾರದ ಗುಮ್ಮಟಗಳನ್ನೂ ಮಿನಾರುಗಳನ್ನೂ ನಿಲ್ಲಿಸಿದನು. ನ್ಯಾಷನು ಭಾರತವನ್ನು ಕಂಡವನಲ್ಲ. ಥಾಮಸ್ ಡೇನಿಯಲ್, ವಿಲಿಯಂ ಡೇನಿಯಲ್ ಎಂಬ ಚಿತ್ರಕಾರರು, ಚಿಕ್ಕಪ್ಪನೂ ಅಣ್ಣನ ಮಗನೂ ಆದವರು, ನಮ್ಮ ದೇಶದಲ್ಲಿ ವರ್ಷಗಟ್ಟಲೆ ಸಂಚರಿಸಿ ಬರೆದು ಪ್ರಕಟಿಸಿದ ಚಿತ್ರಪಟಗಳೇ ಆ ಕಾಲದ ಆಂಗ್ಲ ಶಿಲ್ಪಿಗಳಿಗೆ ಆಕರ. ಒಳಗೆ ಹೋದರೆ ಮತ್ತೊಂದು ವಿಚಿತ್ರ: ಹೊರಗೆ ಹಿಂದುಸ್ಥಾನ, ಒಳಗೆ ಚೀನಾ. ಗೋಡೆಗಳ ಮೇಲೆ ಘಟಸರ್ಪಗಳು. ಅಡಿಗೆಯ ಮನೆಯಲ್ಲಿ ತಾಳೆಯ ಗರಿ ಬಿಟ್ಟ ಕಬ್ಬಿಣದ ಕಂಬಗಳು. ದೊರೆಗೆ ಚೀನಾ ದೇಶವೂ ಅಷ್ಟೇ ಅಪರಿಚಿತ. ಅವನು ಕಲ್ಪಿಸಿಕೊಂಡುದು ಪೂರ್ವವೆಂಬ ಒಂದೇ ದೇಶ. ಅದರಲ್ಲಿ ಗಂಗೆಗೂ ಯಾಂಗ್‌ಟ್ಸಿಗೂ ಭೇದವಿಲ್ಲ. ನೆಪೋಲಿಯನ್ನನ ಯುದ್ಧಗಳು ಮುಗಿದು, ಕೂಲಿಯಿಲ್ಲದೆ ರೊಟ್ಟಿಯಿಲ್ಲದೆ ಬಡವರು ತತ್ತರಿಸುತ್ತಿದ್ದ ವರ್ಷಗಳಲ್ಲಿ ಈ ಕೆಲಸ ನಡೆಯಿತೆಂಬುದನ್ನು ಮರೆಯಬಾರದು. ಆದರೂ ಕಟ್ಟಡವು ಸುಂದರವಲ್ಲವೆಂದು ಹೇಳಿದರೆ ಅಸತ್ಯವಾದೀತು. ಸಂಜೆಯ ಬೆಳಕಿನಲ್ಲಿ ಆ ಗುಮ್ಮಟಗಳ ಸಾಲು, ಶಾಸ್ತ್ರವಿಲ್ಲದ ಆದರೆ ಇಂಪಾದ ಹಾಡಿನಂತೆ, ನೋಡುವವರ ಮನಸ್ಸನ್ನು ಸೆಳೆಯುತ್ತದೆ.

ದೊರೆಯನ್ನು ಹಿಂಬಾಲಿಸಿ ಸಿರಿವಂತರು ಬಂದರು. ಅವರಿಗಾಗಿ ಬೀದಿಬೀದಿಗಳು ಎದ್ದುವು. ಅರೆವೃತ್ತದ ಮನೆಸಾಲುಗಳು, ಉಬ್ಬಿದ ಕಿಟಕಿಗಳು, ಹಾಲಿನಂಥ ಗಾರೆ, ಎಲ್ಲವೂ ಕಡಲಿಗೆ ಮುಖ. ಈ ಗಾರೆಯ ಹಿಂದೆ ಇರುವುದೇನೆಂಬುದು ಕುತೂಹಲದ ಸಂಗತಿ. ಊರಿನವರು ಅದಕ್ಕೆ ಬಂಗರೂಷ್ ಎಂದು ಹೆಸರಿಟ್ಟಿದ್ದಾರೆ. ಒಡೆದ ಇಟ್ಟಿಗೆ, ಚಕಮಕಿಕಲ್ಲು, ಸುಣ್ಣಕಲ್ಲಿನ ಚೂರು, ಕೈಗೆ ಸಿಕ್ಕುದನ್ನೆಲ್ಲ ಹಲಗೆಗಳ ನಡುವೆ ಸುರಿದು ಸುಣ್ಣದಲ್ಲಿ ಕೂಡಿಸಿ ಎತ್ತಿದ ಗೋಡೆ ಅದು. ಮೇಲಿನ ಗಾರೆ ಬಿರುಕಿ ನೀರು ಹೊಕ್ಕಿತೆಂದರೆ ಒಳಗಿನ ಸುಣ್ಣ ಕರಗಿ ಗೋಡೆ ಕುಸಿಯತೊಡಗುವುದು. ಹೀಗೆ ಕಟ್ಟಿಸಿದವರೂ ಎಲ್ಲರೂ ಬಾಳಲಿಲ್ಲ. ತನ್ನ ಹೆಸರಿನಲ್ಲಿಯೇ ಕೆಂಪ್‌ಟೌನ್ ಎಂಬ ಭವ್ಯವಾದ ಬಡಾವಣೆಯನ್ನು ಆರಂಭಿಸಿದ ಥಾಮಸ್ ರೀಡ್ ಕೆಂಪನು ಸಾಲಕ್ಕೆ ಸಿಕ್ಕಿ ೧೮೩೭ರಲ್ಲಿ ದೇಶಬಿಟ್ಟು ಓಡಿ, ೧೮೪೪ರಲ್ಲಿ ಪ್ಯಾರಿಸಿನಲ್ಲಿ ಸತ್ತನು.

ಇಂಥ ಊರಿಗೆ ೧೮೧೪ರಲ್ಲಿ ಒಬ್ಬ ನಿಜವಾದ ಭಾರತೀಯನು ಬಂದನು. ಶೇಖ್ ದೀನ್ ಮಹಮ್ಮದನು ೧೭೫೯ರಲ್ಲಿ ಪಾಟ್ನಾದಲ್ಲಿ ಹುಟ್ಟಿದವನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಕಂಪನಿಯ ಬಂಗಾಳದ ಸೈನ್ಯದ ಬೆನ್ನುಹತ್ತಿ, ತನ್ನನ್ನು ಸಾಕಿದ ಅಧಿಕಾರಿಯ ಸಂಗಡ ೧೭೮೪ರಲ್ಲಿ ಐರ್ಲೆಂಡಿಗೆ ಹೋದನು. ಅಲ್ಲಿಯ ಕನ್ಯೆಯನ್ನೇ ಮದುವೆಯಾದನು. ೧೭೯೪ರಲ್ಲಿ ಅವನು ಪ್ರಕಟಿಸಿದ ಪ್ರವಾಸಕಥನವು ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ ಮೊದಲ ಗ್ರಂಥವೆಂದು ಪ್ರಸಿದ್ಧವಾಗಿದೆ. ೧೮೧೦ರಲ್ಲಿ ಲಂಡನ್ನಿನಲ್ಲಿ ಹಿಂದುಸ್ಥಾನಿ ಕಾಫಿಯಂಗಡಿಯೆಂಬ ಹೆಸರಿನ ಊಟದ ಮನೆಯನ್ನು ತೆರೆದನು. ಎರಡೇ ವರ್ಷಗಳಲ್ಲಿ ದಿವಾಳಿಯಾದನು. ಆಂಗ್ಲರ ನಾಲಿಗೆಗೆ ರುಚಿಸದ ಭಾರತವು ಅವರ ಮೈಗೆ ರುಚಿಸಬಹುದೆಂದು ಅವನಿಗೆ ಹೊಳೆದಿರಬೇಕು. ಬ್ರೈಟನ್ನಿನ ಕಡಲತಡಿಯಲ್ಲಿ ಮೂಲಿಕೆಗಳ ಹಬೆಸ್ನಾನವನ್ನೂ ಅಂಗಮರ್ದನವನ್ನೂ ಏರ್ಪಡಿಸಿದನು. ಹಿಂದುಸ್ಥಾನಿಯಲ್ಲಿ ಮೈಯೊತ್ತುವುದಕ್ಕೆ ಚಾಂಪೀ ಎನ್ನುತ್ತಾರೆ. ಆ ಮಾತೇ ಆಂಗ್ಲರ ಬಾಯಲ್ಲಿ ಶಾಂಪೂ ಆಗಿ, ಈಗ ತಲೆಗೂದಲ ಸೋಪುನೀರಿಗೆ ಅಂಟಿಕೊಂಡು ನಮ್ಮ ಅಂಗಡಿಗಳಿಗೇ ಮರಳಿ ಬಂದಿದೆ. ಶಬ್ದಗಳಿಗೂ ಇಂಥ ಸಮುದ್ರಯಾನವುಂಟು! ಮೃಚ್ಛಕಟಿಕವನ್ನು ಓದಿದವರಿಗೆ ಅಲ್ಲಿಯ ಸಂವಾಹಕನ ನೆನಪಾಗದೆ ಇರದು. ಮೈಯೊತ್ತುವ ವಿದ್ಯೆಯನ್ನು ಕಲೆಯೆಂದು ಕಲಿತು, ಅದೇ ಜೀವನೋಪಾಯವಾಗಿ, ಜೂಜಿನಲ್ಲಿ ಕೆಟ್ಟು, ಕೊನೆಗೆ ಭಿಕ್ಷುವಾದವನು ಅವನು. ದೀನ್ ಮಹಮ್ಮದನ ದೆಸೆಯು ಬೇರೆಯಾಯಿತು. ಮೊದಲು ಮೋಸಗಾರನೆಂದು ಬೈದ ಜನರೇ ಅವನ ಬಾಗಿಲಲ್ಲಿ ಕಾದರು. ೧೮೨೧ರಲ್ಲಿ ದೊಡ್ಡ ಸ್ನಾನಗೃಹವು ಎದ್ದಿತು. ಗುಣಹೊಂದಿದವರು ಬಿಟ್ಟುಹೋದ ಊರುಗೋಲುಗಳನ್ನು ಅಲ್ಲಿ ತೂಗುಹಾಕಲಾಗಿತ್ತು. ನಾಲ್ಕನೆಯ ಜಾರ್ಜನಿಗೂ ಅವನ ತಮ್ಮ ನಾಲ್ಕನೆಯ ವಿಲಿಯಮ್ಮನಿಗೂ ರಾಜವೈದ್ಯರಂತೆ ಬಿರುದು ಧರಿಸಿ ಸೇವೆಮಾಡಿದನು. ತೋರಿಕೆಯ ಊರಿನಲ್ಲಿ ಅವನೂ ತೋರಿಕೆಯನ್ನು ಬಲ್ಲವನೇ. ದರ್ಬಾರಿ ಉಡುಪಿನಲ್ಲಿ ನಿಂತು ಚಿತ್ರ ಬರೆಯಿಸಿಕೊಂಡಿದ್ದಾನೆ. ಆದರೆ ಕೈಯಲ್ಲಿ ವಿದ್ಯೆಯೂ ಇತ್ತು. ೧೮೫೧ರಲ್ಲಿ ತೀರಿಹೋದ ಅವನ ಸಮಾಧಿಯು ಸಂತ ನಿಕೊಲಾಸನ ಚರ್ಚಿನ ಅಂಗಳದಲ್ಲಿದೆ. ದೋಣಿಯ ಟ್ಯಾಟರ್‌ಸೆಲ್ಲನೂ ಮಾರ್ಥಾ ಗನ್ನಳೂ ಅದೇ ಅಂಗಳದಲ್ಲಿ ಮಲಗಿದ್ದಾರೆ. ಅವನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮ್ಮದನು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯನಾಗಿ ರಕ್ತದ ಒತ್ತಡದ ವಿಷಯದಲ್ಲಿ ಮಾಡಿದ ಶೋಧನೆಗಳು ವೈದ್ಯಶಾಸ್ತ್ರದಲ್ಲಿ ಮಾನ್ಯವಾಗಿವೆ.

ವಿಕ್ಟೋರಿಯಾ ರಾಣಿಗೆ ಈ ಅರಮನೆ ಹಿಡಿಸಲಿಲ್ಲ. ಜನರು ಮುತ್ತಿಕೊಳ್ಳುತ್ತಿದ್ದರು, ಕಡಲರಮನೆಯೆಂದು ಹೆಸರಾದರೂ ಕಿಟಕಿಯಿಂದ ಕಡಲು ಕಾಣುವುದು ಅತ್ಯಲ್ಪ. ೧೮೪೫ರ ತರುವಾಯ ಅವಳು ಅಲ್ಲಿಗೆ ಹೋಗಲಿಲ್ಲ. ಒಳಗಿನ ದೀಪಗುಚ್ಛ, ಚಿತ್ರಪಟ, ಅಗ್ಗಿಷ್ಟಿಕೆಗಳನ್ನೆಲ್ಲ ಬಂಡಿಗಳಲ್ಲಿ ಹೇರಿ ಸಾಗಿಸಿದ ಮೇಲೆ ಉಳಿದ ಕಟ್ಟಡವನ್ನು ೧೮೫೦ರಲ್ಲಿ ಊರಿನವರು ೫೩,೦೦೦ ಪೌಂಡುಗಳಿಗೆ ಕೊಂಡರು. ಅಂದಿನಿಂದ ಅದು ಅರಸರ ಮನೆಯಲ್ಲ, ಪೌರರ ಸ್ವತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡತಕ್ಕದ್ದು.

ಅಷ್ಟರಲ್ಲಿ ದೊರೆಗಳಿಗೆ ಬದಲಾಗಿ ಪ್ರಜೆಗಳು ಬರತೊಡಗಿದ್ದರು. ೧೮೪೧ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ಉಗಿಬಂಡಿಯ ದಾರಿ ಪೂರೈಸಿತು. ಕುದುರೆಗಾಡಿಯಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಪಯಣಕ್ಕೆ ಸುಮಾರು ಎರಡು ಗಂಟೆ ಸಾಕಾಯಿತು. ಗುಮಾಸ್ತರು, ಅಂಗಡಿಯ ಆಳುಗಳು, ಗಿರಣಿಯ ಹೆಂಗಸರು ರಜೆಯ ದಿನ ಬೆಳಿಗ್ಗೆ ಬಂದು ರಾತ್ರಿ ಹಿಂದಿರುಗುವರು. ೧೮೨೩ರಲ್ಲಿ ಸರಪಣಿಗಳಿಂದ ತೂಗಿಬಿಟ್ಟ ಕಡಲಸೇತುವೆಯೊಂದು ಇಲ್ಲಿ ಆಗಿತ್ತು. ೧೮೯೬ರ ಬಿರುಗಾಳಿ ಅದನ್ನು ಮುರಿಯಿತು. ೧೮೬೬ರ ಪಶ್ಚಿಮ ಸೇತುವೆಯು ೧೯೭೫ರಲ್ಲಿ ಮುಚ್ಚಿ ೨೦೦೩ರಲ್ಲಿ ಸುಟ್ಟು ಕಬ್ಬಿಣದ ಅಸ್ಥಿಪಂಜರವಾಯಿತು. ೧೮೯೯ರದು ಮಾತ್ರ ಇಂದಿಗೂ ಗದ್ದಲದಿಂದ ತುಂಬಿರುತ್ತದೆ. ೧೮೮೩ರಲ್ಲಿ ಮ್ಯಾಗ್ನಸ್ ವೋಕ್ ಎಂಬವನು ದಡದುದ್ದಕ್ಕೂ ಹಾಕಿದ ಚಿಕ್ಕ ವಿದ್ಯುತ್ ರೈಲು, ಲೋಕದಲ್ಲಿ ಈಗಲೂ ನಡೆಯುತ್ತಿರುವ ವಿದ್ಯುತ್ ರೈಲುಗಳಲ್ಲೆಲ್ಲ ಹಳೆಯದು. ಈ ವೈಭವದ ಬೆನ್ನಿಗೇ, ಗುಡ್ಡದ ಇಳಿಜಾರಿನ ಇಕ್ಕಟ್ಟಾದ ಓಣಿಗಳಲ್ಲಿ, ಅತಿಥಿಗಳ ಬಟ್ಟೆ ಒಗೆದು ಪಾತ್ರೆ ಬೆಳಗುವವರು ವಾಸಿಸುತ್ತಿದ್ದರು. ಅತಿಥಿಗಳಿಲ್ಲದ ಚಳಿಗಾಲದಲ್ಲಿ ಅವರಿಗೆ ಕೆಲಸವಿಲ್ಲ. ಕೈಲಾಗದವರಿಗೆ ಉಳಿದುದು ಗುಡ್ಡದ ಮೇಲಿನ ವರ್ಕ್‌ಹೌಸ್ ಎಂಬ ನಿರ್ಗತಿಕರ ಮನೆ.

೧೯೧೪ರಲ್ಲಿ ಜರ್ಮನಿಯೊಡನೆ ಯುದ್ಧ ಹುಟ್ಟಿತು. ಶರತ್ಕಾಲದಲ್ಲಿಯೇ ಭಾರತದ ಸೈನ್ಯವು ಫ್ರಾನ್ಸಿನ ಕೆಸರಿಗೆ ಇಳಿಯಿತು. ಗಾಯಗೊಂಡವರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ತಂದರು. ಅವರಿಗಾಗಿ ಬ್ರೈಟನ್ನಿನಲ್ಲಿ ಮೂರು ಆಸ್ಪತ್ರೆಗಳಾದುವು: ಅರಮನೆ ಮತ್ತು ಅದರ ಲಾಯದ ಗುಮ್ಮಟ ಸೇರಿ ಒಂದು, ಒಂದು ಶಾಲೆಯ ಕಟ್ಟಡದಲ್ಲಿ ಇನ್ನೊಂದು, ವರ್ಕ್‌ಹೌಸಿನಲ್ಲಿ ಮೂರನೆಯದು. ಅರಮನೆಯಲ್ಲಿ ೭೦೦ಕ್ಕೂ ಮಿಕ್ಕ ಹಾಸಿಗೆಗಳು. ನ್ಯಾಷನ ತಾಳೆಗಂಬಗಳ ಅಡಿಗೆಮನೆಯೇ ಶಸ್ತ್ರಚಿಕಿತ್ಸೆಯ ಕೊಠಡಿಯಾಯಿತು. ಜಾತಿಮತಗಳ ಆಚಾರಕ್ಕೆ ತಕ್ಕಂತೆ ಒಂಬತ್ತು ಅಡಿಗೆಮನೆಗಳು. ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ನೀರಿನ ನಲ್ಲಿಗಳು. ಸೂಚನೆಗಳು ಹಿಂದಿ, ಉರ್ದು, ಗುರುಮುಖಿಗಳಲ್ಲಿ. ತೋಟದಲ್ಲಿ ಗುಡಾರದ ಗುರುದ್ವಾರ. ಇಷ್ಟು ಜಾಗರೂಕತೆಯಿಂದ ಪರರ ಆಚಾರವನ್ನು ಕಾಪಾಡಿದುದು ಶ್ಲಾಘ್ಯವೇ ಸರಿ.

ಆದರೆ ಇದರ ಹಿಂದೆಯೂ ಒಂದು ಗಾರೆಯ ಕೆಲಸವಿತ್ತು. ಚಕ್ರವರ್ತಿಯು ತನ್ನ ಸ್ವಂತ ಅರಮನೆಯನ್ನು ಸಿಪಾಯಿಗಳಿಗಾಗಿ ಬಿಟ್ಟುಕೊಟ್ಟನೆಂಬ ಮಾತನ್ನು ಹರಡಿದರು. ಅನೇಕ ಸಿಪಾಯಿಗಳು ಅದನ್ನು ನಂಬಿ ಊರಿಗೆ ಬರೆದರು. ಕಟ್ಟಡವು ೬೪ ವರ್ಷಗಳ ಹಿಂದೆಯೇ ಪೌರಸಭೆಯ ಪಾಲಾಗಿತ್ತೆಂಬುದನ್ನು ಅವರಿಗೆ ಯಾರು ಹೇಳುವರು? ಗುಮ್ಮಟದಡಿಯ ಹಾಸಿಗೆಗಳ ಛಾಯಾಚಿತ್ರಗಳು ಅಂಚೆಯ ಚೀಟಿಗಳಾಗಿ ಮಾರಾಟವಾದುವು. ಇಂಗ್ಲಿಷ್, ಉರ್ದು, ಗುರುಮುಖಿಗಳಲ್ಲಿ ಪುಸ್ತಿಕೆ ಅಚ್ಚಾಯಿತು. ಸಿಪಾಯಿಗಳ ಕಾಗದಗಳನ್ನೋ ಸರಕಾರದವರು ಒಡೆದು ಓದಿ, ಬೇಕಾದುದನ್ನು ತರ್ಜುಮೆ ಮಾಡಿ ಇಟ್ಟುಕೊಳ್ಳುತ್ತಿದ್ದರು. ಆ ತರ್ಜುಮೆಗಳು ಉಳಿದಿರುವುದರಿಂದಲೇ ಇಂದು ಅವರ ಮನಸ್ಸು ನಮಗೆ ತಿಳಿಯುತ್ತದೆ. ಇದನ್ನು ಸ್ವರ್ಗವೆಂದು ಕೆಲವರು ಬರೆದರು. ಗುಣವಾದವರನ್ನು ಮತ್ತೆ ಕಂದಕಗಳಿಗೇ ಕಳುಹಿಸುತ್ತಾರೆಂದು ಇನ್ನು ಕೆಲವರು ಕೊರಗಿದರು. ಪಠಾಣ ಸುಬೇದಾರ್ ಮೀರ್ ದಸ್ತನಿಗೆ, ಈಪ್ರದ ಕಾಳಗದಲ್ಲಿ ವಿಷವಾಯುವಿನ ನಡುವೆ ತೋರಿದ ಪರಾಕ್ರಮಕ್ಕಾಗಿ, ೧೯೧೫ರ ಆಗಸ್ಟಿನಲ್ಲಿ ಐದನೆಯ ಜಾರ್ಜನು ಇದೇ ಅರಮನೆಯಲ್ಲಿ ವಿಕ್ಟೋರಿಯಾ ಕ್ರಾಸ್ ಪದಕವನ್ನು ತೊಡಿಸಿದನು. ಪದಕವು ಒಳ್ಳೆಯದೇ, ಆದರೆ ಆ ವಾಯುವಿನ ಬಾಧೆ ತನ್ನನ್ನು ಬಿಟ್ಟಿಲ್ಲವೆಂಬ ಅರ್ಥದ ಅವನ ಮಾತು ಆ ಕಾಗದಗಳಲ್ಲಿದೆ.

ಗುಡ್ಡದ ಮೇಲಿನ ಮೂರನೆಯ ಆಸ್ಪತ್ರೆಯನ್ನು ಯಾವ ಅಂಚೆಯ ಚೀಟಿಯೂ ಅಷ್ಟಾಗಿ ಪ್ರಸಿದ್ಧಿಗೆ ತರಲಿಲ್ಲ. ಅಲ್ಲಿದ್ದ ನಿರ್ಗತಿಕರನ್ನು ಬೇರೆಡೆಗೆ ಸಾಗಿಸಿ ಅದಕ್ಕೆ ಕಿಚನರ್ ಆಸ್ಪತ್ರೆಯೆಂದು ಹೆಸರಿಟ್ಟರು. ಗೋಡೆಗಳ ಮೇಲೆ ಮುಳ್ಳುತಂತಿ, ಬಾಗಿಲಲ್ಲಿ ಕಾವಲು. ಅಪ್ಪಣೆಯಿಲ್ಲದೆ, ಮೇಲ್ವಿಚಾರಣೆಯಿಲ್ಲದೆ ರೋಗಿಗಳು ಊರಿಗೆ ಇಳಿಯುವಂತಿರಲಿಲ್ಲ. ಊರಿನ ಹೆಂಗಸರೊಡನೆ ಸಿಪಾಯಿಗಳ ಪರಿಚಯ ಬೆಳೆದೀತೆಂಬ ಭಯವೇ ಅದಕ್ಕೆ ಮುಖ್ಯವಾದ ಕಾರಣ. ಚಕ್ರಾಧಿಪತ್ಯಕ್ಕಾಗಿ ಕೈಕಾಲು ಕಳೆದುಕೊಂಡವರಿಗೆ ಒಂದು ಕಡೆ ಅರಮನೆ, ಇನ್ನೊಂದು ಕಡೆ ಸೆರೆಮನೆಯಂಥ ಬೇಲಿ. ಎರಡೂ ಒಂದೇ ಊರಿನಲ್ಲಿ, ಒಂದೇ ಸರಕಾರದ ಕೈಕೆಳಗೆ ಇದ್ದುವು. ೧೯೧೫ರ ಕೊನೆಯಲ್ಲಿ ಭಾರತದ ಕಾಲಾಳುಗಳನ್ನು ಫ್ರಾನ್ಸಿನಿಂದ ಮೆಸೊಪೊಟೇಮಿಯಕ್ಕೆ ಸಾಗಿಸಿದರು. ೧೯೧೬ರ ಆದಿಯಲ್ಲಿ ಅರಮನೆಯ ಭಾರತೀಯ ಆಸ್ಪತ್ರೆ ಮುಚ್ಚಿತು. ತರುವಾಯ ಅದು ಅಂಗಹೀನರಾದ ಆಂಗ್ಲ ಸಿಪಾಯಿಗಳಿಗೆ ಆಶ್ರಯವಾಯಿತು. ೧೯೨೧ರಲ್ಲಿ ಭಾರತೀಯರ ಕಾಣಿಕೆಯಾಗಿ ಅರಮನೆಯ ದಕ್ಷಿಣಕ್ಕೆ ಒಂದು ಬಾಗಿಲು ಎದ್ದಿತು. ಪಟಿಯಾಲದ ಮಹಾರಾಜರು ಅದನ್ನು ತೆರೆದರು.

ಸತ್ತವರಲ್ಲಿ ಮುಸಲ್ಮಾನರನ್ನು ವೋಕಿಂಗಿನ ಮಸೀದಿಯ ಸಮೀಪದ ನೆಲದಲ್ಲಿ ಹೂಳಿದರು. ಹಿಂದೂಗಳೂ ಸಿಕ್ಖರೂ ಆದ ೫೩ ಮಂದಿಯನ್ನು ಬ್ರೈಟನ್ನಿನ ಹಿಂದಿನ ಪ್ಯಾಚಮ್ ಗುಡ್ಡಕ್ಕೆ ಒಯ್ದು, ಕಾಂಕ್ರೀಟಿನ ಕಟ್ಟೆಗಳ ಮೇಲೆ ಚಿತೆಯಿಟ್ಟು ದಹಿಸಿದರು. ಭಸ್ಮವನ್ನು ಕಡಲಿಗೆ ಬಿಟ್ಟರು. ಅಲ್ಲಿ ಒಂದು ಸ್ಮಾರಕವಾಗಬೇಕೆಂಬ ಸಲಹೆ ದಾಸಗುಪ್ತರೆಂಬ ಭಾರತೀಯ ಸೇನಾವೈದ್ಯರದು. ಅದನ್ನು ಎತ್ತಿಹಿಡಿದವನು ಊರಿನ ಮೇಯರ್ ಜಾನ್ ಆಟರ್. ನಕ್ಷೆ ಬರೆದವರು ಮುಂಬಯಿಯ ಇ. ಸಿ. ಹೆನ್ರಿಕ್ಸ್. ಎಂಟು ಕಂಬಗಳ ಮೇಲೆ ಬಿಳಿಯ ಅಮೃತಶಿಲೆಯ ಗುಮ್ಮಟ, ಎತ್ತರ ೨೯ ಅಡಿ. ಚಿತೆಗಳಿದ್ದ ಜಾಗವನ್ನು ಮೂರು ಕಗ್ಗಲ್ಲಿನ ಚಪ್ಪಡಿಗಳು ಮುಚ್ಚಿವೆ. ಛತ್ರೀ ಎಂದೇ ಅದರ ಹೆಸರು. ೧೯೨೧ರ ಫೆಬ್ರವರಿ ೧ರಂದು ಯುವರಾಜ ಎಡ್ವರ್ಡನು ಅದನ್ನು ಅನಾವರಣ ಮಾಡಿದನು. ಕಡಲತಡಿಯ ಕಬ್ಬಿಣದ ಗುಮ್ಮಟಗಳಿಗೆ ಹೋಲಿಸಿದರೆ ಇದು ಚಿಕ್ಕದು. ಆದರೆ ಭಾರತದಲ್ಲಿಯೇ ಬೆಳೆದವರ ಕೈಯಿಂದ ಬಂದದ್ದು, ಒಳಗೊಂದು ಹೊರಗೊಂದು ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಆ ಗುಡ್ಡಗಳು ಸೈನ್ಯದ ಅಭ್ಯಾಸಭೂಮಿಯಾಗಿ, ಸ್ಮಾರಕಕ್ಕೂ ಗುಂಡುಗಳು ತಗಲಿದುವು. ಯುದ್ಧವಾದ ಮೇಲೆ ರಿಪೇರಿ ಮಾಡಿದರು.

ಅಷ್ಟು ಕಾಲವೂ ಅಲ್ಲಿ ದಹನಗೊಂಡವರ ಹೆಸರುಗಳು ಆ ಸ್ಥಳದಲ್ಲಿರಲಿಲ್ಲ. ೨೦೧೦ರಲ್ಲಿ, ಚಿತೆಗಳಾರಿ ೯೪ ವರ್ಷಗಳಾದ ಮೇಲೆ, ಯುದ್ಧಸಮಾಧಿಗಳ ಕಮಿಷನ್ನಿನವರು ೫೩ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಛತ್ರಿಯ ಪಕ್ಕದಲ್ಲಿ ನಿಲ್ಲಿಸಿದರು. ಪ್ರತಿವರ್ಷ ಜೂನ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ನೆಲಸಿದ ಸಿಕ್ಖರೂ ಇತರ ಭಾರತೀಯರೂ ಊರಿನವರೂ ಕೂಡಿ ಅಲ್ಲಿ ಪುಷ್ಪಾರ್ಪಣೆ ಮಾಡುತ್ತಾರೆ. ಗುಡ್ಡದ ಮೇಲೆ ಬಂಡಿಯ ದಾರಿಯಿಲ್ಲ. ಕುರಿಗಳು ಮೇಯುವ ಹುಲ್ಲಿನ ನಡುವೆ ಕಾಲುದಾರಿಯಲ್ಲಿ ನಡೆದೇ ಹೋಗಬೇಕು.